ಹೊಸದಾಗಿ ಹಾಸಿದ ಹುಲ್ಲು ಅಲ್ಲಲ್ಲಿ ಬೋಳಾಗುತ್ತಿದೆ: ಕಾರಣವೇನು, ಸರಿಪಡಿಸುವುದು ಹೇಗೆ?

ಪ್ರಶ್ನೆ (ಬೋಗಾದಿ, ಮೈಸೂರು)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಕಟ್ಟಿಸಿದ ನಮ್ಮ ಮನೆಯ ಮುಂದೆ ಸುಮಾರು 30 ಅಡಿ ಉದ್ದ, 18 ಅಡಿ ಅಗಲದ ಜಾಗಕ್ಕೆ ಈ ಜೂನ್ ಮೊದಲ ವಾರದಲ್ಲಿ ಮೆಕ್ಸಿಕನ್ ಹುಲ್ಲಿನ ಹಾಸು ಹಾಕಿಸಿದೆವು. ಮಂಡಿನೋವಿರುವ ನಮ್ಮ ತಾಯಿಯವರು ಬೆಳಿಗ್ಗೆ ಬರಿಗಾಲಿನಲ್ಲಿ ನಡೆಯಲಿ ಎಂಬುದೇ ಇದರ ಉದ್ದೇಶವಾಗಿತ್ತು. ಜುಲೈ ಕೊನೆಯವರೆಗೂ ಹಚ್ಚಗಿದ್ದ ಹುಲ್ಲು ಈಗ ಕಾಂಪೌಂಡ್ ಗೋಡೆಯ ಉದ್ದಕ್ಕೂ ಎರಡಡಿ ಅಗಲದ ಪಟ್ಟಿಯಾಗಿ ಹಳದಿಗೆ ತಿರುಗಿ ಒಣಗಿದೆ. ಇದಲ್ಲದೆ ನಡುವೆ ಊಟದ ತಟ್ಟೆಯಷ್ಟು ಅಗಲದ ನಾಲ್ಕು ಬೋಳು ಜಾಗಗಳು ಕಾಣಿಸಿಕೊಂಡಿದ್ದು, ವಾರದಿಂದ ವಾರಕ್ಕೆ ಹಿಗ್ಗುತ್ತಿವೆ. ದಿನಕ್ಕೆ ಎರಡು ಹೊತ್ತು ನೀರು ಹಾಯಿಸುತ್ತಿದ್ದೇವೆ. ಹಾಸಿಕೊಟ್ಟವರ ಸಲಹೆಯಂತೆ ಯೂರಿಯಾ ಎರಚಿದ ಮೇಲೆ ಸ್ಥಿತಿ ಇನ್ನಷ್ಟು ಕೆಟ್ಟಿದೆ. ಬೋಳು ಜಾಗಕ್ಕೆ ಬೀಜ ಚೆಲ್ಲಿದರೆ ಸಾಕೇ, ಅಥವಾ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಸಬೇಕೇ?

ಉತ್ತರ (ಕುವೆಂಪುನಗರ, ಮೈಸೂರು)

ಎರಡೂ ಬೇಡ ಸರ್. ನೀವು ವಿವರಿಸಿರುವುದನ್ನು ನೋಡಿದರೆ ಒಂದೇ ಹಾಸಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿರುವಂತೆ ತೋರುತ್ತದೆ. ಹುಳುವಾಗಲಿ ರೋಗವಾಗಲಿ ನೇರವಾದ ಗೆರೆ ಹಿಡಿದು ಸಾಗುವುದು ಅಪರೂಪ. ಗೋಡೆಯುದ್ದಕ್ಕೂ ಹುಲ್ಲು ಸತ್ತಿದ್ದರೆ ಮೊದಲು ಅನುಮಾನಿಸಬೇಕಾದುದು ಅದರ ಕೆಳಗಿರುವ ಮಣ್ಣನ್ನು. ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಸಲಿಕೆ ಹಾಕಿದರೆ ನಾಲ್ಕು ಬೆರಳಿನ ಆಳದಲ್ಲಿ ಠಣ್ ಎಂದು ಸದ್ದಾಯಿತು. ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಸಿಮೆಂಟ್ ಹೆಂಟೆಗಳ ಮೇಲೆ ಕೆಂಪು ಮಣ್ಣನ್ನು ತೆಳ್ಳಗೆ ಹರಡಿ ಹುಲ್ಲು ಹಾಸಿದ್ದರು. ಅಂಥ ಕಡೆ ಬೇರು ಇಳಿಯಲು ಜಾಗವಿರುವುದಿಲ್ಲ. ಜೊತೆಗೆ ಸಿಮೆಂಟು, ಸುಣ್ಣದ ಅಂಶದಿಂದ ಮಣ್ಣು ಕ್ಷಾರವಾಗಿ ಹುಲ್ಲಿಗೆ ಕಬ್ಬಿಣಾಂಶ ಸಿಗದೆ ಎಲೆ ಹಳದಿಯಾಗುತ್ತದೆ. ಆ ಪಟ್ಟಿಯ ಹಿಡಿ ಮಣ್ಣನ್ನು ಒಣಗಿಸಿ ಅದರ ಮೇಲೆ ಸ್ವಲ್ಪ ವಿನೆಗರ್ ಹನಿಸಿ ನೋಡಿ; ನೊರೆ ಬಂದರೆ ಸುಣ್ಣವಿದೆ ಎಂದು ತಿಳಿಯಿರಿ. ಬಿಸಿಲಿಗೆ ಕಾದ ಗೋಡೆಯ ಶಾಖವೂ ಆ ಭಾಗವನ್ನು ಬೇಗ ಒಣಗಿಸುತ್ತದೆ.

ಬೀಜದ ಯೋಚನೆಯನ್ನು ಬಿಟ್ಟುಬಿಡಿ. ಮೆಕ್ಸಿಕನ್ ಎಂಬ ಹೆಸರಿನಲ್ಲಿ ನಮ್ಮ ನರ್ಸರಿಗಳು ಸಾಮಾನ್ಯವಾಗಿ ಮಾರುವುದು ಏಷ್ಯಾ ಮೂಲದ ಜೋಯ್ಸಿಯಾ ಜಾತಿಯ ಹುಲ್ಲನ್ನು. ಅದನ್ನು ಬೇರುಸಹಿತ ಕುಡಿಗಳಿಂದಲೋ ಹಾಸಿನ ತುಂಡುಗಳಿಂದಲೋ ಬೆಳೆಸುವುದೇ ವಾಡಿಕೆ.

ಉತ್ತರ (ಮಂಡ್ಯ)

ನಡುವಿನ ದುಂಡನೆಯ ಬೋಳುಗಳ ಬಗ್ಗೆ ನಾನು ಹೇಳುತ್ತೇನೆ. ಬೋಳಿನ ಅಂಚಿನಲ್ಲಿ ಇನ್ನೂ ಹಸಿರಾಗಿರುವ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲನೆ ಮೇಲಕ್ಕೆಳೆಯಿರಿ. ಚಾಪೆ ಎತ್ತಿದಂತೆ ಸಲೀಸಾಗಿ ಎದ್ದು ಬಂದು, ಕೆಳಗೆ ಬೇರೇ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಗೊಣ್ಣೆ ಹುಳುವಿನ ಕೆಲಸ. ಕಬ್ಬು ಬೆಳೆಯುವ ನಮಗೆ ಇದು ಚೆನ್ನಾಗಿ ಪರಿಚಯವಿರುವ ಶತ್ರು. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ದುಂಬಿಗಳು ಮಣ್ಣಿನಿಂದೆದ್ದು ಮುಸ್ಸಂಜೆಯಲ್ಲಿ ಬೇವಿನ ಮರಗಳಿಗೆ ಮುತ್ತಿ, ಅನಂತರ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳುಗಳು ಬೆಳೆದು ಬೇರನ್ನು ಜೋರಾಗಿ ಕತ್ತರಿಸುವ ಕಾಲ ಆಗಸ್ಟ್, ಸೆಪ್ಟೆಂಬರ್. ಬೆಳಗಿನ ಹೊತ್ತು ಕಾಗೆ, ಗೊರವಂಕಗಳು ಅದೇ ಜಾಗವನ್ನು ಕೊಕ್ಕಿನಿಂದ ಕೆದಕುತ್ತಿದ್ದರೆ ಅದೂ ಒಂದು ಸುಳಿವು. ಬೇರು ಕಳೆದುಕೊಂಡ ಹುಲ್ಲಿಗೆ ಯೂರಿಯಾ ಕೊಟ್ಟರೆ ಸುಡುವುದಲ್ಲದೆ ಬೇರೇನೂ ಆಗದು. ಆ ಸಲಹೆ ಕೊಟ್ಟವರು ಒಮ್ಮೆ ಎತ್ತಿ ನೋಡಬೇಕಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಭಾನುವಾರ ಬೆಳಿಗ್ಗೆ ಎರಡನ್ನೂ ಪರೀಕ್ಷಿಸಿದೆ. ಗೋಡೆಯ ಪಕ್ಕ ಮೂರು ಅಂಗುಲಕ್ಕೇ ಗಾರೆ ಸಿಕ್ಕಿತು, ವಿನೆಗರ್ ಹನಿಸಿದ ಮಣ್ಣು ಬುಸಬುಸನೆ ನೊರೆಯುಕ್ಕಿಸಿತು. ನಡುವೆ ಹುಲ್ಲು ನಿಜಕ್ಕೂ ಚಾಪೆಯಂತೆ ಎದ್ದಿತು. ಒಂದು ಚದರ ಅಡಿಯಷ್ಟು ಮಣ್ಣು ಕೆದಕಿದಾಗ ಕಂದು ತಲೆಯ, ಮೈ ಬಾಗಿಸಿ ಮಲಗಿದ್ದ ಹನ್ನೊಂದು ಬಿಳಿ ಹುಳುಗಳು ಸಿಕ್ಕವು. ಹಾಸುವ ಮುನ್ನ ತರಿಸಿದ್ದ ಕೊಟ್ಟಿಗೆ ಗೊಬ್ಬರ ಅರ್ಧಂಬರ್ಧ ಕಳಿತಿತ್ತು ಎಂಬುದೂ ಈಗ ನೆನಪಾಗುತ್ತಿದೆ. ಮುಂದೇನು ಮಾಡಲಿ?

ಉತ್ತರ (ಮಂಡ್ಯ)

ಚದರ ಅಡಿಗೆ ಒಂದೆರಡು ಹುಳುವಿದ್ದರೆ ಹುಲ್ಲು ತಾಳಿಕೊಳ್ಳುತ್ತದೆ, ಹನ್ನೊಂದು ಹೆಚ್ಚಾಯಿತು. ನಿಮ್ಮದು ಚಿಕ್ಕ ಜಾಗ, ಆದ್ದರಿಂದ ಬೋಳಿನ ಸುತ್ತ ಇನ್ನೊಂದು ಅಡಿಯವರೆಗೆ ಹಾಸನ್ನು ಮಗುಚಿ ಹುಳುಗಳನ್ನು ಕೈಯಿಂದಲೇ ಆರಿಸಿ ತೆಗೆಯಿರಿ. ಬಳಿಕ ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರದೊಂದಿಗೆ ಬೆರೆಸಿ, ಸಂಜೆಯ ಹೊತ್ತು ತೇವವಿರುವ ಮಣ್ಣಿಗೆ ಸೇರಿಸಿ. ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಂತೆಯೇ ಅನುಸರಿಸಿ. ಇದು ಹುಳುವಿಗೆ ರೋಗ ಹತ್ತಿಸಿ ನಿಧಾನವಾಗಿ ಕೊಲ್ಲುವುದರಿಂದ ಮರುದಿನವೇ ಫಲ ಕಾಣುವುದಿಲ್ಲ. ತಾಯಿಯವರು ಬರಿಗಾಲಿನಲ್ಲಿ ನಡೆಯುವ ಜಾಗಕ್ಕೆ ರಾಸಾಯನಿಕ ಕೀಟನಾಶಕವನ್ನು ನಾನಂತೂ ಸೂಚಿಸಲಾರೆ.

ಉತ್ತರ (ಕುವೆಂಪುನಗರ, ಮೈಸೂರು)

ಗೋಡೆಯ ಪಕ್ಕದ ಪಟ್ಟಿಯಲ್ಲಿ ಕನಿಷ್ಠ ಆರು ಅಂಗುಲ ಆಳಕ್ಕೆ ಗಾರೆಯನ್ನೆಲ್ಲ ತೆಗೆಸಿ ಹೊರಹಾಕಿಸಿ. ಇದರಲ್ಲಿ ಮಾತ್ರ ರಾಜಿ ಬೇಡ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ಸೇರಿಸಿ ತುಂಬಿ, ನೀರು ಬಿಟ್ಟು ಎರಡು ದಿನ ಕೂರಲು ಬಿಡಿ, ಇಳಿದ ಕಡೆ ಮತ್ತೆ ಮಣ್ಣು ಹಾಕಿ ಮಟ್ಟ ಮಾಡಿ. ಹೊಸ ತುಂಡುಗಳನ್ನು ಸಂದು ಬಿಡದೆ ಜೋಡಿಸಿ ಹಲಗೆಯಿಂದ ಒತ್ತಿರಿ, ಏಕೆಂದರೆ ಅಡಿಯಲ್ಲಿ ಗಾಳಿ ಉಳಿದರೆ ಬೇರು ಮಣ್ಣನ್ನು ಮುಟ್ಟದೆ ಒಣಗುತ್ತದೆ. ಮೊದಲ ಎರಡು ವಾರ ಮಣ್ಣು ಆರದಂತೆ ನೋಡಿಕೊಳ್ಳಿ, ಆಮೇಲೆ ದಿನಕ್ಕೆರಡು ಬಾರಿ ಮೇಲೆ ಮೇಲೆ ಚಿಮುಕಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರು ಕೊಡಿ. ಮಳೆ ಬಂದ ದಿನ ಬೇಡವೇ ಬೇಡ.

ಈ ಜಾತಿ ನಿಧಾನವಾಗಿ ಹಬ್ಬುತ್ತದೆ, ದಸರೆಯ ಹೊತ್ತಿಗೆ ಪೂರ್ತಿ ಮುಚ್ಚದಿದ್ದರೆ ಗಾಬರಿಯಾಗಬೇಡಿ. ಮೂರು ವಾರ ಕಳೆದ ಮೇಲೆ ಹೊಸ ತುಂಡಿನ ಮೂಲೆಯನ್ನು ಮೆಲ್ಲನೆ ಎಳೆದು ನೋಡಿ. ಅದು ಮಣ್ಣನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ತಾಯಿಯವರು ನಡೆಯಬಹುದು.