ಪುಟ್ಟಾ, ಆ ಟಿಕ್ ಟಿಕ್ ಸದ್ದನ್ನು ಎಣಿಸಿದೆ

ಪುಟ್ಟಾ, ನಿನ್ನ ಕಾರಿನ ಟಿಕ್ ಟಿಕ್ ಸದ್ದಿನ ವಿಡಿಯೊ ಈಗ ನಾಲ್ಕನೇ ಸಲ ಕೇಳಿದೆ, ಹೆಡ್‌ಫೋನ್ ಹಾಕಿಕೊಂಡು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದು. ಮೊದಲನೇ ಮಾತು, ಶನಿವಾರ ಆ ಗ್ಯಾರೇಜಿಗೆ ಗಾಡಿ ಬಿಡಬೇಡ. "ಎಂಜಿನ್ ಪೂರ್ತಿ ಬಿಚ್ಚಬೇಕು, ಅದಕ್ಕಿಂತ ಮಾರಿಬಿಡಿ" ಅಂತ ಅವರು ಹೇಳಿದರು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸಂಕಟ ಆಯಿತು. ಎಷ್ಟು ವರ್ಷ ದುಡ್ಡು ಕೂಡಿಟ್ಟು ಆ 1992ರ ಮಾಜ್ದಾ ಮಿಯಾಟಾ ಕಾರು ತಗೊಂಡೆ ಅಂತ ನನಗೆ ಗೊತ್ತು. ಬಾನೆಟ್ ಎತ್ತಿ ಒಂದು ನಿಮಿಷ ಕೇಳಿ ಹೇಳುವ ಮಾತಲ್ಲ ಅದು.

ನಾನು ಸದ್ದನ್ನು ಎಣಿಸಿದೆ. ವಿಡಿಯೊದಿಂದ ಆಡಿಯೊ ಮಾತ್ರ ತೆಗೆದು ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಒಂದೊಂದು ಟಿಕ್ಕೂ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. 10 ಸೆಕೆಂಡಿಗೆ 70 ಸಲ. ನಿಮಿಷಕ್ಕೆ 420. ನಿನ್ನ ಮೀಟರಿನಲ್ಲಿ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, 850ರ ಹತ್ತಿರ ನಿಂತಿದೆ. 420ರ ಎರಡರಷ್ಟು 840. ಅಂದರೆ ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಟಿಕ್.

ಇದು ಯಾಕೆ ಮುಖ್ಯ ಅಂದರೆ, ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ, ಕ್ರ್ಯಾಂಕ್, ಎರಡು ಸುತ್ತು ಬಂದಾಗ ಮೇಲಿನ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ಬರುತ್ತದೆ. ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ಒತ್ತುವುದು ಅದೇ ಕ್ಯಾಮ್. ಹಾಗಾಗಿ ಅರ್ಧ ವೇಗದ ಟಿಕ್ ಕೇಳಿದರೆ ನಾನು ಮೊದಲು ಎಂಜಿನ್ನಿನ ಮೇಲ್ಭಾಗ ನೋಡುತ್ತೇನೆ. ಪ್ಲಗ್ ವೈರಿನಿಂದ ಕರೆಂಟ್ ಹಾರಿ ಬರುವ ಟಿಕ್ ಇರಬಹುದು ಅಂತ ನೀನು ಕೇಳಿದ್ದೆ. ಮಿಯಾಟಾದಲ್ಲಿ ಕಿಡಿ ಹುಟ್ಟಿಸುವ ಒಂದು ಕಾಯಿಲ್ ಎರಡು ಸಿಲಿಂಡರಿಗೆ ಕೆಲಸ ಮಾಡುತ್ತದೆ, ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಅದಾಗಿದ್ದರೆ ನಿಮಿಷಕ್ಕೆ 840 ಸಲ ಕೇಳಿಸಬೇಕಿತ್ತು. ಅದನ್ನು ಬಿಡು.

ಮನೆಯವರೆಲ್ಲ ಓದುವ ಈ ಮಾತುಕತೆಯಲ್ಲಿ ಅಪ್ಪ "ಟ್ಯಾಪೆಟ್ ಸೆಟ್ ಮಾಡಿಸು" ಅಂತ ಬರೆದಿದ್ದಾರೆ, ಅಂದರೆ ವಾಲ್ವ್ ಸಂದು ಸರಿಮಾಡಿಸು ಅಂತ. ಅಪ್ಪಾ, ಜಾಗ ಸರಿಯಾಗಿ ಹಿಡಿದಿದ್ದೀರಿ. ಅಂಬಾಸಿಡರಿನಲ್ಲಿ ನೀವು ಸಂದು ಅಳೆಯುವ ಫೀಲರ್ ಗೇಜ್ ಇಟ್ಟು, ಸ್ಕ್ರೂ ತಿರುಗಿಸಿ, ನಟ್ ಬಿಗಿ ಮಾಡುತ್ತಿದ್ದಿರಿ. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವಳು ನಾನೇ ಅಲ್ವಾ. ಆದರೆ ಈ ಎಂಜಿನ್ನಿನಲ್ಲಿ ತಿರುಗಿಸೋಕೆ ಸ್ಕ್ರೂ ಇಲ್ಲ. ಆ ಕೆಲಸವನ್ನು ಆಯಿಲ್ಲೇ ಮಾಡುತ್ತದೆ.

ಇದರಲ್ಲಿ 16 ವಾಲ್ವ್ ಇವೆ, ಒಂದೊಂದಕ್ಕೂ ಒಂದು ಹೈಡ್ರಾಲಿಕ್ ಲ್ಯಾಶ್ ಅಡ್ಜಸ್ಟರ್. ಎಚ್‌ಎಲ್‌ಎ ಅನ್ನುತ್ತಾರೆ. ಪುಟ್ಟ ಪಿಸ್ಟನ್, ಒಳಗೆ ಒಂದು ಸ್ಪ್ರಿಂಗ್, ಒಂದು ಸಣ್ಣ ಗುಂಡು. ಎಂಜಿನ್ ಆಯಿಲ್ ಒಳಗೆ ನುಗ್ಗಿ ತುಂಬಿಕೊಳ್ಳುತ್ತದೆ, ಗುಂಡು ಬಾಗಿಲ ಹಾಗೆ ಮುಚ್ಚಿಕೊಳ್ಳುತ್ತದೆ. ಆಗ ಕ್ಯಾಮಿಗೂ ವಾಲ್ವಿಗೂ ನಡುವೆ ಸಂದು ಉಳಿಯುವುದಿಲ್ಲ, ಸದ್ದೂ ಇಲ್ಲ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ಆಯಿಲ್ ಮೆಲ್ಲಗೆ ಇಳಿದುಹೋಗುತ್ತದೆ. ಸ್ಟಾರ್ಟ್ ಮಾಡಿದಾಗ ಆಯಿಲ್ ಜೊತೆ ಗಾಳಿಯೂ ಸೇರುತ್ತದೆ. ಆಯಿಲನ್ನು ಒತ್ತಿದರೆ ಕುಗ್ಗಲ್ಲ, ಗಾಳಿ ಕುಗ್ಗುತ್ತದೆ. ಅಷ್ಟು ಸಂದು ಸಾಕು, ಕ್ಯಾಮ್ ಬಂದು ಟಿಕ್ ಅಂತ ಬಡಿಯುತ್ತದೆ. ಹಳೇ ಆಯಿಲಿನ ಜಿಡ್ಡು ಆ ಸಣ್ಣ ತೂತಿಗೆ ಕಟ್ಟಿಕೊಂಡರೂ ಇದೇ ಕಥೆ. ನೀನು ನವೆಂಬರಿನಿಂದ ಮಾರ್ಚ್‌ವರೆಗೆ ನ್ಯೂಜೆರ್ಸಿಯ ಚಳಿಯಲ್ಲಿ ಶೆಡ್ಡಿನೊಳಗೆ ನಿಲ್ಲಿಸಿದ್ದೆ. ಆಯಿಲ್ ಕೂಡ ಹಳೇ ಓನರ್ ಹಾಕಿದ್ದೇ.

ಈ ಮಾಡೆಲ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸದ್ದು ಇದು. 1999ರ ಎರಡನೇ ತಲೆಮಾರಿನಲ್ಲಿ ಎಚ್‌ಎಲ್‌ಎ ತೆಗೆದು, ಆಯಿಲ್ ತುಂಬಿಕೊಳ್ಳದ ಗಟ್ಟಿ ಲಿಫ್ಟರ್ ಹಾಕಿದರು. ಮೂವತ್ತು ವರ್ಷ ದಾಟಿದ ಗಾಡಿ ಚಳಿಗಾಲ ಮಲಗಿ ಎದ್ದರೆ ಸ್ವಲ್ಪ ಹೊತ್ತು ಟಿಕ್ ಅನ್ನುವುದು ಸಾವಿನ ಸುದ್ದಿ ಅಲ್ಲ ಕಣೋ.

ಆದರೆ ಇನ್ನೊಂದು ಅನುಮಾನ ಉಳಿದಿದೆ, ಅದನ್ನು ನೀನೇ ಬಗೆಹರಿಸಬೇಕು. ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ಪಟ್ಟಿ, ಒಂದು ಸಿಲಿಂಡರಿನ ಹತ್ತಿರ ಸೋರಿದರೂ ಸದ್ದು ಹೀಗೇ ಬರುತ್ತದೆ. ಅದೂ ಅರ್ಧ ವೇಗದಲ್ಲೇ. ಅದೂ ತಣ್ಣಗಿದ್ದಾಗ ಜೋರು, ಕಬ್ಬಿಣ ಕಾದು ಹಿಗ್ಗಿದ ಮೇಲೆ ಮಾಯ. ನಾನು ಇಲ್ಲೇ ಮೋಸ ಹೋಗಿದ್ದೆ. ನನ್ನ ಗಾಡಿ ಟಿಕ್ ಅಂದಾಗ ಒಬ್ಬರು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹೋಗಿದೆ ಅಂದರು, ನಾಲ್ಕೂ ಬದಲಾಯಿಸಿದೆ. ಸದ್ದು ಹಾಗೇ ಇತ್ತು. ಎರಡು ತಿಂಗಳಾದ ಮೇಲೆ ನಾನೇ ಬಗ್ಗಿ ನೋಡಿದರೆ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ. ಆ ಮಸಿಯನ್ನು ನೀನು ಮೊದಲು ಹುಡುಕು, ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಾಕಿ. ಇನ್ನೊಂದು ಗುರುತು, ಸೋರಿಕೆ ಆಗಿದ್ದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಜಾಸ್ತಿ ಆಗುತ್ತದೆ, ಗಾಳಿ ಬಿಟ್ಟ ಹಾಗೆ ಪುಸ್ ಪುಸ್ ಅನ್ನುತ್ತದೆ. ಎಚ್‌ಎಲ್‌ಎ ಆದರೆ ಭಾರಕ್ಕೆ ಅಷ್ಟಾಗಿ ಬದಲಾಗಲ್ಲ, ಒಣ ಕಡ್ಡಿ ಮುರಿದ ಹಾಗೆ ಗಟ್ಟಿ ಟಿಕ್.

ಆಮೇಲೆ ತೋಟಕ್ಕೆ ನೀರು ಹಾಯಿಸುವ ಪೈಪ್ ಒಂದು ಮೀಟರ್ ತಗೋ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಮ್ ಕವರ್ ಮೇಲೆ ಸಿಲಿಂಡರ್ ಸಿಲಿಂಡರಿಗೆ ಸರಿಸು. ಮೊದಲು ಎಕ್ಸಾಸ್ಟ್ ಕಡೆ, ಆಮೇಲೆ ಗಾಳಿ ಒಳಬರುವ ಇಂಟೇಕ್ ಕಡೆ. ಒಂದು ಜಾಗದಲ್ಲಿ ಕಿವಿಗೇ ಬಡಿದ ಹಾಗೆ ಕೇಳಿಸುತ್ತದೆ, ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕು. ಇಂಜೆಕ್ಟರುಗಳ ಹತ್ತಿರವೂ ಚಿಟಿಚಿಟಿ ಕೇಳಿಸುತ್ತದೆ, ಅದು ಸಹಜ. ತೋಳು ಮಡಚಿಕೋ, ಶಾಲು ಗೀಲು ಬೇಡ, ಬೆಲ್ಟಿನಿಂದ ದೂರ ಇರು. ರೇಡಿಯೇಟರ್ ಫ್ಯಾನ್ ಹೇಳದೇ ಕೇಳದೇ ಶುರುವಾಗುತ್ತದೆ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಮಾತ್ರ ಸ್ಟಾರ್ಟ್ ಮಾಡಲೇಬೇಡ, ಆ ಹೊಗೆ ಗೊತ್ತಾಗದ ಹಾಗೆ ಜೀವ ತೆಗೆಯುತ್ತದೆ.

ಇದೆಲ್ಲಕ್ಕೂ ಮೊದಲು ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ನೋಡು. ಸಮ ನೆಲದಲ್ಲಿ ನಿಲ್ಲಿಸಿ, ಸ್ಟಾರ್ಟ್ ಮಾಡುವ ಮುಂಚೆ. ಆಯಿಲ್ ಕಡಿಮೆ ಇದ್ದರೆ ಉಳಿದ ಮಾತೆಲ್ಲ ಆಮೇಲೆ. ನಿನ್ನ ವರ್ಷದ ಗಾಡಿಯಲ್ಲಿ ಆಯಿಲ್ ಪ್ರೆಶರ್ ಮೀಟರ್ ನಿಜವಾದದ್ದು. 1995ರಿಂದ ಆಚೆಗೆ ಸುಮ್ನೆ ಮಧ್ಯದಲ್ಲಿ ನಿಲ್ಲುವ ಮುಳ್ಳು ಬಂತು. ನಿನ್ನದು ನಂಬಬಹುದು. ವಿಡಿಯೊದಲ್ಲಿ ಮುಳ್ಳು ಚೆನ್ನಾಗಿ ಮೇಲೇ ಇದೆ, ಅದನ್ನು ನೋಡಿಯೇ ನನಗೆ ಧೈರ್ಯ ಬಂದದ್ದು. ಬಿಸಿಯಾದ ಮೇಲೂ ನೋಡು. ಮುಳ್ಳು ಕೆಳಕ್ಕೆ ಬಿದ್ದರೆ, ಅಥವಾ ಭಾರ ಬಿದ್ದಾಗ ಕೆಳಗಿನಿಂದ ಡಬ್ ಡಬ್ ಅಂತ ದಪ್ಪ ಸದ್ದು ಬಂದರೆ, ಅಲ್ಲೇ ಆಫ್ ಮಾಡಿ ಟೋ ಮಾಡಿಸು. ಅದು ಬೇರಿಂಗ್ ಇರಬಹುದು.

ಚಿಕ್ಕಮ್ಮ ಕೇಳಿದ್ದಾರೆ, ಆಫ್ ಮಾಡಿದ ಮೇಲೂ ಟಿಕ್ ಟಿಕ್ ಅನ್ನುತ್ತದಲ್ಲ ಅಂತ. ಅದು ಸೈಲೆನ್ಸರ್ ಪೈಪ್ ತಣ್ಣಗಾಗುವ ಸದ್ದು ಚಿಕ್ಕಮ್ಮ, ಒಲೆಯಿಂದ ಇಳಿಸಿದ ಕಾವಲಿ ಅನ್ನುವುದಿಲ್ಲವೇ, ಹಾಗೆ.

ಮಸಿ ಇಲ್ಲ, ಸದ್ದು ಮೇಲಿನಿಂದಲೇ ಅಂತ ಆದರೆ, ಆಯಿಲ್ಲೂ ಫಿಲ್ಟರೂ ಬದಲಾಯಿಸು. ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡೇ ಹಾಕು, ಸದ್ದು ಮುಚ್ಚಲಿ ಅಂತ ದಪ್ಪ ಆಯಿಲ್ ಹಾಕಬೇಡ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೈವೇಯಲ್ಲಿ ಅರ್ಧ ಗಂಟೆ 3,000 ಆರ್‌ಪಿಎಂ ದಾಟಿಸಿ ಓಡಿಸು. ಒಂದೇ ಸಲಕ್ಕೆ ಹೋಗದಿದ್ದರೆ ಗಾಬರಿ ಬೇಡ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬದಲಾಯಿಸು, ಒಳಗಿನ ಜಿಡ್ಡು ನಿಧಾನಕ್ಕೇ ಬಿಡುವುದು. ಆಗಲೂ ಹೋಗದಿದ್ದರೆ ಮಾತ್ರ ಎಚ್‌ಎಲ್‌ಎ ಬದಲಿಸುವ ಯೋಚನೆ. ಅದಕ್ಕೆ ಎರಡೂ ಕ್ಯಾಮ್ ಎತ್ತಬೇಕು, ಟೈಮಿಂಗ್ ಬೆಲ್ಟ್ ಬಿಚ್ಚಬೇಕು. ಬೆಲ್ಟ್ ಬದಲಿಸುವ ಲೆಕ್ಕ 60,000 ಮೈಲಿಗೆ ಒಮ್ಮೆ. ಹಳೇ ಓನರ್ ಯಾವಾಗ ಬದಲಿಸಿದ್ದರು ಅಂತ ಇವತ್ತೇ ಕೇಳಿಡು, ಎರಡೂ ಒಟ್ಟಿಗೆ ಮಾಡಿಸಿದರೆ ಕೂಲಿ ಉಳಿಯುತ್ತದೆ.

ನಾಳೆ ಬೆಳಗ್ಗೆ ಗಾಡಿ ತಣ್ಣಗಿರುವಾಗ ಕೀಲಿ ತಿರುಗಿಸುವ ಮೊದಲೇ ರೆಕಾರ್ಡಿಂಗ್ ಶುರು ಮಾಡು. ಒಂದು ನಿಮಿಷ ಎಕ್ಸಾಸ್ಟ್ ಕಡೆಯಿಂದ, ಒಂದು ನಿಮಿಷ ಇಂಟೇಕ್ ಕಡೆಯಿಂದ, ಆಮೇಲೆ 20 ನಿಮಿಷ ಓಡಿಸಿ ಬಂದು ಇನ್ನೊಂದು. ಮೀಟರ್ ಕಾಣುವ ಹಾಗೆ ಒಂದು ಫೋಟೋ. ನಿನ್ನ ಬೆಳಗ್ಗೆ ಎಂಟಕ್ಕೆ ನನಗಿಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐದು, ಪರವಾಗಿಲ್ಲ, ಫೋನ್ ತಲೆದಿಂಬಿನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.