2012ರ ಕ್ಲಾಸಿಕ್ 350, ಓಡಿರೋದು ಬರೀ 9,000 ಕಿ.ಮೀ. ತಗೊಳ್ಳಬಹುದಾ?

ಘಟ್ಟದ ಸವಾರ (ತೀರ್ಥಹಳ್ಳಿ):
ಉಡುಪಿ ಹತ್ತಿರ ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮಾರಾಟಕ್ಕಿದೆ. 2012ರ ಮಾರ್ಚ್ ರಿಜಿಸ್ಟ್ರೇಷನ್, ಕಾರ್ಬರೇಟರ್ ಗಾಡಿ, ಒಬ್ಬರೇ ಓನರ್, ಮೀಟರ್‌ನಲ್ಲಿ 9,100. ಓನರ್ ದುಬೈನಲ್ಲಿದ್ದಾರೆ, ರಜೆಗೆ ಬಂದಾಗ ಮಾತ್ರ ಓಡಿಸಿದ್ದಂತೆ. ಈಗ ಎರಡು ವರ್ಷದಿಂದ ಶೆಡ್‌ನಲ್ಲೇ ನಿಂತಿದೆ. ಮಾರುತ್ತಿರೋದು ಅವರ ತಂದೆ, ಕೇಳ್ತಿರೋದು 95 ಸಾವಿರ. "ಬ್ಯಾಟರಿ ಹಾಕಿದ್ರೆ ಸಾಕು, ಸ್ಟಾರ್ಟ್ ಆಗುತ್ತೆ" ಅಂತಾರೆ.

ಮೀಟರ್ ನಿಜವಾ ಅಂತ ಹೇಗೆ ತಿಳಿಯೋದು? ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು? ಆಗುಂಬೆ ಘಾಟಿ ಮೇಲೆ ಓಡಿಸಿಕೊಂಡೇ ತರಬಹುದಾ?

ಪಾನಾ 14:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಟೈರು, ಬ್ರೇಕ್ ಎರಡೂ ನೋಡದೆ ಹದಿನಾಲ್ಕು ತಿರುವಿನ ಘಾಟಿಗೆ ಆ ಗಾಡಿ ತಗೊಂಡು ಹೋಗಬೇಡಿ. ಟಾಟಾ ಏಸ್‌ಗೆ ಹಾಕಿಸಿಕೊಂಡು ಬನ್ನಿ.

ಎರಡನೆಯದು, ಅವರು ಬ್ಯಾಟರಿ ಹಾಕಿ ಸೆಲ್ಫ್ ಒತ್ತೋಕೆ ಬಿಡಬೇಡಿ. ಈ ಇಂಜಿನ್‌ನಲ್ಲಿ ಸೆಲ್ಫ್ ಮೋಟರಿಗೂ ಕ್ರ್ಯಾಂಕಿಗೂ (ಇಂಜಿನ್‌ನ ತಿರುಗೋ ಶಾಫ್ಟ್) ನಡುವೆ ಸ್ಪ್ರಾಗ್ ಕ್ಲಚ್, ಅಂದರೆ ಒಂದೇ ದಿಕ್ಕಿಗೆ ಹಿಡಿಯೋ ಕ್ಲಚ್ ಇದೆ. ಬ್ಯಾಟರಿ ವೀಕ್ ಇದ್ದಾಗ ಇಂಜಿನ್ ಪೂರ್ತಿ ತಿರುಗದೆ ಹಿಂದಕ್ಕೆ ಒದೆಯುತ್ತೆ, ಆ ಪೆಟ್ಟೆಲ್ಲ ಸ್ಪ್ರಾಗ್ ಮೇಲೆ. ಅದು ಹೋದರೆ ಸೆಲ್ಫ್ ಒತ್ತಿದಾಗ ಕಟಕಟ ಸದ್ದು, ಇಂಜಿನ್ ಕವರ್ ಬಿಚ್ಚೋ ಕೆಲಸ. ಮಾರೋರು ಒಪ್ಪಿದರೆ ಒಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ ಹೀಗೆ ಮಾಡಿ:

ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬರೇಟರ್ ಬೌಲ್‌ನ (ಅದರ ಅಡಿಯಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು) ಡ್ರೈನ್ ಸ್ಕ್ರೂ ಬಿಚ್ಚಿ, ಇಳಿದದ್ದನ್ನ ಗಾಜಿನ ಬಾಟಲಿಯಲ್ಲಿ ಹಿಡೀರಿ. ವಾರ್ನಿಷ್ ವಾಸನೆ, ಕಂದು ಬಣ್ಣ ಇದ್ದರೆ ಪೆಟ್ರೋಲ್ ಕೆಟ್ಟಿದೆ. ತಳದಲ್ಲಿ ಬೇರೆ ಪದರ ನಿಂತರೆ ನೀರು. ಈಗಿನ ಪೆಟ್ರೋಲ್‌ನಲ್ಲಿರೋ ಎಥೆನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ, ಕರಾವಳಿಯ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಆ ನೀರು ತಳದಲ್ಲಿ ಕೂತು ಟ್ಯಾಂಕ್‌ಗೆ ತುಕ್ಕು, ಬೌಲ್‌ಗೆ ಬಿಳಿ ಪುಡಿ. ಟ್ಯಾಂಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿ.

ಆಮೇಲೆ ಆಯಿಲ್. ಬಲಗಡೆ ಗಾಜಿನ ಕಿಂಡಿಯಲ್ಲಿ ಮಟ್ಟ ಕಾಣುತ್ತೆ. ಮಟ್ಟ ಮಿತಿ ಮೀರಿದ್ದು ಪೆಟ್ರೋಲ್ ವಾಸನೆ ಬಂದರೆ, ಫ್ಲೋಟ್ ನೀಡಲ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯೋ ಸೂಜಿ) ಸಿಕ್ಕಿಕೊಂಡು ಪೆಟ್ರೋಲ್ ಸಿಲಿಂಡರ್ ಮೂಲಕ ಕೆಳಗಿಳಿದಿದೆ ಅಂತ ಅರ್ಥ. ಆ ಆಯಿಲ್‌ನಲ್ಲಿ ಸ್ಟಾರ್ಟ್ ಮಾಡಲೇಬಾರದು.

ಎರಡೂ ಪ್ಲಗ್ ಬಿಚ್ಚಿ (ಇದು ಟ್ವಿನ್ ಸ್ಪಾರ್ಕ್, ಒಂದೇ ಸಿಲಿಂಡರಿಗೆ ಎರಡು ಪ್ಲಗ್), ಒಂದು ಚಮಚದಷ್ಟು ಇಂಜಿನ್ ಆಯಿಲ್ ಒಳಗೆ ಬಿಟ್ಟು, ಅರ್ಧ ಗಂಟೆ ಬಿಟ್ಟು ಕೈಯಲ್ಲೇ ಕಿಕ್ಕರ್ ಒತ್ತಿ. ನಯವಾಗಿ ತಿರುಗಬೇಕು. ಹತ್ತು ಹದಿನೈದು ಸಲ ತಿರುಗಿಸಿ ಪ್ಲಗ್ ಹಾಕಿ, ಹೊಸ ಪೆಟ್ರೋಲ್ ಬಿಟ್ಟು, ಕಿಕ್ ಹೊಡೆದೇ ಸ್ಟಾರ್ಟ್ ಮಾಡಿ.

ಇದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಅಂದರೆ ವಾಲ್ವ್ ಸಂದನ್ನ ಆಯಿಲ್ ಒತ್ತಡವೇ ಸರಿ ಮಾಡ್ಕೊಳ್ಳುತ್ತೆ. ಬಹಳ ದಿನ ನಿಂತ ಗಾಡಿಯಲ್ಲಿ ಆಯಿಲ್ ಇಳಿದಿರುತ್ತೆ, ಸ್ಟಾರ್ಟ್ ಆದ ತಕ್ಷಣ ಸ್ವಲ್ಪ ಹೊತ್ತು ಟಿಕ್ ಟಿಕ್ ಬರೋದು ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಖರ್ಚು ಇದೆ. ಟ್ಯಾಪೆಟ್ ಅಡ್ಜಸ್ಟ್ ಮಾಡಿ ನಿಲ್ಲಿಸ್ತೀನಿ ಅನ್ನೋ ಮೆಕ್ಯಾನಿಕ್ ಮಾತು ನಂಬಬೇಡಿ, ಅಡ್ಜಸ್ಟ್‌ಮೆಂಟೇ ಇಲ್ಲ. ಸುರಿದ ಆಯಿಲ್‌ನ ಹೊಗೆ ಮೊದಲು ಬರುತ್ತೆ, ಅದು ಬಿಡಿ. ಹತ್ತು ನಿಮಿಷದ ಮೇಲೂ ನೀಲಿ ಹೊಗೆ ಇದ್ದರೆ ರಿಂಗ್ ಹಿಡಿದಿದೆ, ಇಲ್ಲವೇ ವಾಲ್ವ್ ಸೀಲ್ ಗಟ್ಟಿಯಾಗಿದೆ. ಚೋಕ್ ತೆಗೆದರೆ ಆಫ್ ಆಗುತ್ತೆ ಅಂದರೆ ಪೈಲಟ್ ಜೆಟ್ (ಐಡಲ್‌ನಲ್ಲಿ ಪೆಟ್ರೋಲ್ ಕೊಡೋ ಸಣ್ಣ ತೂತು) ಕಟ್ಟಿದೆ, ಅದಕ್ಕೆ ಹೆದರಬೇಡಿ. ಆದರೆ ತಂತಿ ಹಾಕಿ ಚುಚ್ಚೋಕೆ ಬಿಡಬೇಡಿ, ತೂತು ದೊಡ್ಡದಾದರೆ ಮೈಲೇಜ್ ಹೋಯ್ತು. ಕಾರ್ಬರೇಟರ್ ಕ್ಲೀನರ್ ಸ್ಪ್ರೇ, ಗಾಳಿ ಸಾಕು.

ಕರಾವಳಿ ಚಕ್ರ:
ಮೀಟರ್ ಬಗ್ಗೆ. ಇದರದ್ದು ಮುಂದಿನ ಚಕ್ರದಿಂದ ಬರೋ ಕೇಬಲ್ ಮೀಟರ್. ಕೇಬಲ್ ಬಿಚ್ಚಿದರೆ ಸಂಖ್ಯೆ ಅಲ್ಲೇ ನಿಲ್ಲುತ್ತೆ, ಹಾಗಾಗಿ ಮೀಟರ್ ಒಂದನ್ನೇ ನಂಬೋ ಹಾಗಿಲ್ಲ. ಸರ್ವೀಸ್ ಬಿಲ್‌ಗಳಲ್ಲಿ ತಾರೀಖು, ಕಿ.ಮೀ. ಎರಡೂ ಇರುತ್ತೆ, ಅದೇ ಒಳ್ಳೆ ಸಾಕ್ಷಿ. ಬಿಲ್ ಇಲ್ಲದಿದ್ದರೆ ಗೇರ್ ಲಿವರ್ ರಬ್ಬರ್, ಫುಟ್‌ರೆಸ್ಟ್ ರಬ್ಬರ್, ಕಿಕ್ಕರ್ ರಬ್ಬರ್ ನೋಡಿ. 9,000ಕ್ಕೆ ಗೆರೆಗಳು ಅಳಿಸಿರಬಾರದು. ಡಿಸ್ಕ್ ಅಂಚಿನಲ್ಲಿ ಬೆರಳಾಡಿಸಿ, ಆಳವಾದ ತಗ್ಗು ಬಿದ್ದಿದ್ದರೆ ಅದು ಕಡಿಮೆ ಓಡಿದ ಗಾಡಿ ಅಲ್ಲ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಅಚ್ಚೊತ್ತಿರುತ್ತೆ, ಅಳತೆ ತಾಳೆ ನೋಡಿ. ಚೈನ್ ಸ್ಪ್ರಾಕೆಟ್ ಹೊಸದಿದ್ದರೆ ಯಾಕೆ ಬದಲಾಯಿಸಿದ್ರಿ ಅಂತ ಕೇಳಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 0512 ಅಂದರೆ 2012ರ ಐದನೇ ವಾರ. ಆ ಟೈರೇ ಇದ್ದು ಮೇಲಿನ ಗುಂಡಿ (ಬಟನ್) ಸವೆಯದೆ ಚೆನ್ನಾಗಿದ್ದರೆ ಕಿ.ಮೀ. ನಿಜ ಅನ್ನೋಕೆ ಒಂದು ಆಧಾರ ಸಿಕ್ತು, ಟೈರು ಮಾತ್ರ ಕಸ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತವೇ ಇರಲ್ಲ. ಟ್ಯೂಬ್ ಸಮೇತ ಬದಲಾಯಿಸಿ.

ನಮ್ಮ ಕಡೆ ಗಾಡಿಗಳ ತುಕ್ಕು ಮೇಲಿಂದ ಕಾಣಲ್ಲ. ಮಲಗಿಕೊಂಡು ನೋಡಿ: ಸೆಂಟರ್ ಸ್ಟ್ಯಾಂಡ್ ಬುಡ, ಸ್ವಿಂಗ್ ಆರ್ಮ್ ಕೆಳಭಾಗ, ಬ್ಯಾಟರಿ ಟ್ರೇ, ಸ್ಪೋಕ್ ನಿಪ್ಪಲ್. ಸೈಲೆನ್ಸರ್ ಹಿಂಭಾಗದ ಕೆಳಗೆ ಹೆಬ್ಬೆರಳಿಂದ ಒತ್ತಿ, ಸ್ವಲ್ಪ ಸ್ವಲ್ಪ ಸ್ಟಾರ್ಟ್ ಮಾಡಿ ಆಫ್ ಮಾಡಿದ ಗಾಡಿಯಲ್ಲಿ ಒಳಗೆ ನೀರು ನಿಂತು ಒಳಗಿಂದಲೇ ತಿಂದಿರುತ್ತೆ. ಮುಂದಿನ ಫೋರ್ಕ್ ಪೈಪ್ ಮೇಲೆ ಉಗುರು ಎಳೀರಿ. ಸೀಲ್ ಓಡಾಡೋ ಜಾಗದಲ್ಲಿ ಉಗುರು ತಡೆದರೆ ತುಕ್ಕಿನ ಗುಳಿ ಇದೆ, ಎಷ್ಟು ಸಲ ಸೀಲ್ ಹಾಕಿದರೂ ಸೋರುತ್ತೆ, ಪೈಪ್‌ಗೇ ಕೆಲಸ ಬೇಕು. ಇದು ಸಿಕ್ಕರೆ ಬೆಲೆ ಚೆನ್ನಾಗಿ ಇಳಿಸಿ.

ಸೀಟ್ ತೆಗೆದು ವೈರಿಂಗ್ ನೋಡೋದು ಮರೀಬೇಡಿ. ಶೆಡ್‌ನಲ್ಲಿ ನಿಂತ ಗಾಡಿಗೆ ಇಲಿ ಕಾಟ ಇದ್ದೇ ಇರುತ್ತೆ, ಏರ್ ಫಿಲ್ಟರ್ ಡಬ್ಬದೊಳಗೂ ಗೂಡು ಕಟ್ಟಿರುತ್ತೆ.

ಫಾರಂ 30:
ಗಾಡಿಗಿಂತ ಕಾಗದ ನಿಮಗೆ ಜಾಸ್ತಿ ತಲೆನೋವು ಕೊಡಬಹುದು. ಆರ್‌ಸಿ ಮಗನ ಹೆಸರಲ್ಲಿದ್ದರೆ ತಂದೆಯ ಸಹಿ ನಡೆಯಲ್ಲ. ಗಾಡಿ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಮಗನೇ ಸಹಿ ಹಾಕಬೇಕು. ಪರಿವಾಹನ್‌ನಲ್ಲಿ (ಸಾರಿಗೆ ಇಲಾಖೆಯ ವೆಬ್‌ಸೈಟ್) ಅರ್ಜಿ ಹಾಕುವಾಗ ಒಟಿಪಿ ಹೋಗೋದು ದಾಖಲೆಯಲ್ಲಿರೋ ಓನರ್ ನಂಬರಿಗೆ. 2012ರಲ್ಲಿ ಕೊಟ್ಟ ನಂಬರ್ ಈಗ ಬಂದ್ ಆಗಿದ್ದರೆ ಮೊದಲು ಅದನ್ನ ಸರಿ ಮಾಡಿಸಬೇಕು. ಅವರು ಮುಂದಿನ ರಜೆಗೆ ಬರೋವರೆಗೆ ಕಾಯೋದು ವಾಸಿ. ಆಗಲ್ಲ ಅಂದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ತರಿಸಿ, ದುಡ್ಡು ಕೊಡೋಕೆ ಮುಂಚೆ ಅದನ್ನ ಆರ್‌ಟಿಒದಲ್ಲಿ ತೋರಿಸಿ ಕೇಳಿ.

ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇನ್ನೂ ಇದ್ದರೆ ಸಾಲ ತೀರಿದ್ದರೂ ಆ ಹೆಸರು ತೆಗೆಸೋಕೆ ಫಾರಂ 35, ಬ್ಯಾಂಕ್ ಎನ್ಒಸಿ ಬೇಕು. ಇಂಜಿನ್, ಚಾಸಿ ನಂಬರ್ ಅಂಕಿ ಅಂಕಿಯಾಗಿ ತಾಳೆ ನೋಡಿ. ಎಚ್ಎಸ್ಆರ್‌ಪಿ ಪ್ಲೇಟ್ ಹಾಕಿದೆಯಾ, ದಂಡ ಬಾಕಿ ಇದೆಯಾ ನೋಡಿ. ರಾಜ್ಯದೊಳಗೇ ಆದ್ದರಿಂದ ಮತ್ತೆ ಲೈಫ್ ಟ್ಯಾಕ್ಸ್ ಇಲ್ಲ, ಕೆಎ 20 ನಂಬರೇ ಮುಂದುವರಿಯುತ್ತೆ.

ಚೌಕಾಸಿಗೆ ಮುಖ್ಯವಾದದ್ದು: 2027ರ ಮಾರ್ಚ್‌ಗೆ ಆರ್‌ಸಿಯ 15 ವರ್ಷ ಮುಗಿಯುತ್ತೆ. ಆಮೇಲೆ ಗಾಡಿ ತೋರಿಸಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಘಟ್ಟದ ಸವಾರ:
ತುಂಬಾ ಉಪಕಾರ ಆಯ್ತು. ಓನರ್ ಮುಂದಿನ ತಿಂಗಳು ಬರ್ತಾರಂತೆ, ಆಗಲೇ ಹೋಗ್ತೀನಿ. ಕೊಂಡ ಮೇಲೆ ಕಡ್ಡಾಯವಾಗಿ ಏನೇನು ಬದಲಾಯಿಸಬೇಕು?

ಪಾನಾ 14:
ಕಿ.ಮೀ. ಮರೆತುಬಿಡಿ, ವರ್ಷ ಲೆಕ್ಕ ಹಾಕಿ. ರಬ್ಬರ್ ಆದದ್ದು, ದ್ರವ ಆದದ್ದು ಎಲ್ಲ ಹೊಸದು: ಟೈರು, ಟ್ಯೂಬು, ಪೆಟ್ರೋಲ್ ಪೈಪ್, ಬೌಲ್‌ನ ಓ ರಿಂಗ್, ಫೋರ್ಕ್ ಆಯಿಲ್ ಮತ್ತು ಸೀಲ್, ಮುಂದಿನ ಬ್ರೇಕ್ ಹೋಸ್, ಡಾಟ್ 4 ಬ್ರೇಕ್ ಆಯಿಲ್, ಕ್ಯಾಲಿಪರ್ ಸೀಲ್. ಹಿಂದಿನ ಬ್ರೇಕ್ ಶೂ ಲೈನಿಂಗ್ ಕಿತ್ತು ಬರುತ್ತಾ ಬಿಚ್ಚಿ ನೋಡಿಸಿ. 12 ವೋಲ್ಟ್ 14 ಎಎಚ್ ಹೊಸ ಬ್ಯಾಟರಿ ಹಾಕಿದ ಮೇಲೇ ಸೆಲ್ಫ್ ಮುಟ್ಟಿ. ಇಂಜಿನ್ ಆಯಿಲ್ 15ಡಬ್ಲ್ಯೂ50, ಫಿಲ್ಟರ್ ಸಮೇತ ಮೊದಲು ಒಂದು ಸಲ, 500 ಕಿ.ಮೀ. ಆದ ಮೇಲೆ ಮತ್ತೊಂದು ಸಲ. ಒಳಗೆ ಕೂತ ಗಸಿ ಮೊದಲ ಸಲಕ್ಕೆ ಪೂರ್ತಿ ಬರಲ್ಲ.

ಕ್ಲಚ್ ಪ್ಲೇಟ್ ಅಂಟಿಕೊಂಡಿರಬಹುದು. ಗೇರ್ ಹಾಕಿ, ಕ್ಲಚ್ ಹಿಡಿದು ತಳ್ಳಿದಾಗ ಗಾಡಿ ಮುಂದೆ ಹೋಗದಿದ್ದರೆ ಅದೇ. ಇಂಜಿನ್ ಬಿಸಿಯಾದ ಮೇಲೆ ಹೆಚ್ಚಿನವು ತಾನಾಗೇ ಬಿಡುತ್ತವೆ.

ಈ ಪಟ್ಟಿ ಹಿಡ್ಕೊಂಡು ನಿಮ್ಮೂರ ಗ್ಯಾರೇಜಿನಲ್ಲಿ ಅಂದಾಜು ಬರೆಸಿ, ಆ ಮೊತ್ತವನ್ನ 95 ಸಾವಿರದಿಂದ ಕಳೆದು ಮಾತಿಗೆ ಕೂರಿ. ಅವರು ಒಪ್ಪದಿದ್ದರೆ ದಿನಾ ಓಡಿಸಿದ, ಬಿಲ್ ಇರೋ 2016-17ರ ಗಾಡಿ 35 ಸಾವಿರ ಕಿ.ಮೀ. ಆಗಿದ್ದರೂ ನಾನು ಅದನ್ನೇ ಹೇಳೋದು.

ಫಾರಂ 30:
ಇನ್ನೊಂದು ಬಿಟ್ಟಿದ್ದೆ. ಇನ್ಶೂರೆನ್ಸ್ ಲ್ಯಾಪ್ಸ್ ಆಗಿದ್ದರೆ ಏಸ್‌ನಿಂದ ಇಳಿಸಿದ ಮೇಲೂ ರಸ್ತೆಗೆ ತರಬೇಡಿ. ಚಾಲ್ತಿ ಇದ್ದರೆ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಕೊಡಿ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ) ನಿಮಗೆ ಬರಲ್ಲ, ಪ್ರೀಮಿಯಂನಲ್ಲಿ ಆ ವ್ಯತ್ಯಾಸ ನೀವೇ ಕಟ್ಟಬೇಕಾಗುತ್ತೆ.