ಝೋಮ್‌ಟೂಲ್‌ನಲ್ಲಿ ಪಿರಮಿಡ್ ಕೂರುತ್ತಿಲ್ಲ, ಗೊತ್ತಿದ್ದವರು ಹೇಳಿ

ಪುಟ್ಟಿಯಪ್ಪ:
ನನ್ನ ತಂಗಿ ಅಮೆರಿಕದಿಂದ ಬರುವಾಗ ಮಗಳಿಗೆ ಝೋಮ್‌ಟೂಲ್ ಡಬ್ಬಿ ತಂದುಕೊಟ್ಟಳು. ಬಿಳಿ ಗುಂಡುಗಳು, ಅವಕ್ಕೆ ಸಿಕ್ಕಿಸಲು ನೀಲಿ, ಹಳದಿ, ಕೆಂಪು ಕಡ್ಡಿಗಳು. ಘನ ಮಾಡಿದಳು, ಐದು ಮೂಲೆಯ ನಕ್ಷತ್ರ ಮಾಡಿದಳು, ಎಲ್ಲಾ ಸಲೀಸು. ಆದರೆ ನಾಲ್ಕೂ ಮುಖ ತ್ರಿಕೋನ ಇರುವ ಪಿರಮಿಡ್ಡಿಗೆ ಎರಡು ದಿನದಿಂದ ಒದ್ದಾಡುತ್ತಿದ್ದೇವೆ. ಒಂದೇ ಉದ್ದದ ಆರು ನೀಲಿ ಕಡ್ಡಿ ತಗೊಂಡೆವು, ಕೆಳಗಿನ ತ್ರಿಕೋನ ಕೂತಿತು, ಮೇಲಿನ ಮೂರು ಕಡ್ಡಿ ಮಾತ್ರ ಒಂದೇ ಗುಂಡಿನಲ್ಲಿ ಸೇರುವುದೇ ಇಲ್ಲ. ಬಗ್ಗಿಸಿದರೆ ಮುರಿದೀತು ಅಂತ ಬಿಟ್ಟೆ. "ಅಪ್ಪಂಗೇ ಬರಲ್ಲ" ಅಂತ ಅಜ್ಜಿ ಹತ್ತಿರ ಆಗಲೇ ದೂರು ಹೋಗಿದೆ.

ಮೂಲೆಮಟ್ಟ:
ಬಗ್ಗಿಸಬೇಡಿ ಸಾರ್. ತಪ್ಪು ನಿಮ್ಮದಲ್ಲ, ಆ ದಿಕ್ಕಿಗೆ ಗುಂಡಿನಲ್ಲಿ ನೀಲಿ ತೂತೇ ಇಲ್ಲ. ಒಂದು ಗುಂಡು ಕೈಗೆ ತಗೊಂಡು ಎಣಿಸಿ: 30 ಆಯತ, 20 ತ್ರಿಕೋನ, 12 ಪಂಚಕೋನ, ಒಟ್ಟು 62 ತೂತು. ಆಯತಕ್ಕೆ ನೀಲಿ, ತ್ರಿಕೋನಕ್ಕೆ ಹಳದಿ, ಪಂಚಕೋನಕ್ಕೆ ಕೆಂಪು. ನಿಮಗೆ ಬೇಕಾದ ಪಿರಮಿಡ್ಡಿಗೆ ಹಸಿರು ಕಡ್ಡಿ ಅಂತ ಬೇರೆಯೇ ಇದೆ, ಎಲ್ಲಾ ಡಬ್ಬಿಯಲ್ಲೂ ಬರುವುದಿಲ್ಲ. ಅದರ ತುದಿ ಸ್ವಲ್ಪ ಸೊಟ್ಟ, ಪಂಚಕೋನದ ತೂತಿಗೇ ಹಾಕಿ ಸರಿಯಾದ ಕಡೆ ತಿರುಗಿಸಬೇಕು.

ಹಸಿರು ಇಲ್ಲದಿದ್ದರೆ ದಾರ ಸಾಕು. ನೀಲಿ ಘನ ಮಾಡಿ. ಒಂದು ಮೂಲೆ ಹಿಡಿದು, ಅದಕ್ಕೆ ತಾಗಿರುವ ಮೂರು ಮುಖಗಳ ಮೇಲೂ ಓರೆಯಾಗಿ ಎದುರು ಮೂಲೆಗೆ ದಾರ ಎಳೆದು ಕಟ್ಟಿ. ಆಮೇಲೆ ಆ ಮೂರು ಎದುರು ಮೂಲೆಗಳನ್ನು ಒಂದಕ್ಕೊಂದು ದಾರದಿಂದ ಸೇರಿಸಿ. ಆರು ಮುಖಕ್ಕೆ ಆರು ದಾರ, ಒಳಗೆ ನಿಮ್ಮ ಪಿರಮಿಡ್ ಕೂತಿರುತ್ತದೆ.

ಬೆಂಕಿಕಡ್ಡಿ:
ಇಷ್ಟಕ್ಕೆಲ್ಲಾ ದುಬಾರಿ ಡಬ್ಬಿ ಯಾಕೆ ಅಂತ ನಾನು ಕೇಳುತ್ತಲೇ ಇರುತ್ತೇನೆ 🙂 ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಅರವಿಂದ ಗುಪ್ತ ಅವರದ್ದು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್ ಆಟ ಇದೆಯಲ್ಲ, 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದಾಗ ಅವರಿಗೆ ಹೊಳೆದದ್ದು. ಕಡ್ಡಿಯ ಮದ್ದು ಕೆರೆದು ತೆಗೆಯಿರಿ, ಟ್ಯೂಬ್ ಚಿಕ್ಕದಾಗಿ ಕತ್ತರಿಸಿ ಎರಡೂ ಕಡೆಯಿಂದ ಕಡ್ಡಿ ತೂರಿಸಿ, ಮೂರನೆಯದಕ್ಕೆ ನಡುವೆ ಮುಳ್ಳಿನಿಂದ ಚುಚ್ಚಿ ತೂತು ಮಾಡಿ. ರಬ್ಬರ್ ಬಗ್ಗುವುದರಿಂದ ಯಾವ ಕೋನವಾದರೂ ನಡೆಯುತ್ತದೆ. ಘನ ಮಾಡಿದರೆ ಕೈಬಿಟ್ಟ ತಕ್ಷಣ ವಾಲುತ್ತದೆ, ಪಿರಮಿಡ್ ಮಾತ್ರ ಅಲ್ಲಾಡುವುದಿಲ್ಲ. ಸೇತುವೆ, ಟವರ್‌ಗಳಲ್ಲೆಲ್ಲ ತ್ರಿಕೋನ ಯಾಕೆ ಅಂತ ಮಗುವಿಗೆ ಅಲ್ಲೇ ತಿಳಿಯುತ್ತದೆ. ಝೋಮ್‌ಟೂಲ್ ಘನ ಇಷ್ಟು ಸುಲಭಕ್ಕೆ ವಾಲುವುದಿಲ್ಲ, ಆ ಪಾಠ ಅಲ್ಲಿ ತಪ್ಪಿಹೋಗುತ್ತದೆ.

ಮೂಲೆಮಟ್ಟ:
ಒಪ್ಪಿದೆ. ಆದರೆ ಎಲ್ಲಾ ಕೋನಕ್ಕೂ ಬಗ್ಗುವ ಆಟದಲ್ಲಿ "ಇದು ಯಾಕೆ ಕೂರಲ್ಲ" ಅನ್ನುವ ಪ್ರಶ್ನೆ ಇಷ್ಟು ಜೋರಾಗಿ ಏಳುವುದಿಲ್ಲ ಅಲ್ವಾ? ಪುಟ್ಟಿಯಪ್ಪ, ಇನ್ನೊಂದು ಮಾಡಿ ನೋಡಿ. ಬುಡಕ್ಕೆ ಮೂರು ಸಣ್ಣ ನೀಲಿ, ಮೇಲಕ್ಕೆ ಮೂರು ಮಧ್ಯಮ ನೀಲಿ.

ಪುಟ್ಟಿಯಪ್ಪ:
ಕೂತಿತು! ಗೋಪುರದ ಹಾಗೆ ಉದ್ದಕ್ಕೆ. ಪುಟ್ಟಿ ತಾನೇ ಅದಲು ಬದಲು ಮಾಡಿ ಬುಡಕ್ಕೆ ಮಧ್ಯಮ, ಮೇಲಕ್ಕೆ ಸಣ್ಣದು ಹಾಕಿದಳು, ಚಪ್ಪಟೆಯಾಗಿ ಅದೂ ಕೂತಿತು. ಎತ್ತರದ್ದೂ ಆಗುತ್ತದೆ, ಕುಳ್ಳಂದೂ ಆಗುತ್ತದೆ, ಸಮ ಇರುವುದು ಮಾತ್ರ ಆಗುವುದಿಲ್ಲ, ಎಂಥಾ ವಿಚಿತ್ರ!

ಲಘುಗುರು:
ಗಣಿತ ನನ್ನದಲ್ಲ, ಕನ್ನಡ ಮೇಷ್ಟ್ರು ನಾನು. ಸಣ್ಣ ನೀಲಿಗೆ ಮಧ್ಯಮ ನೀಲಿಯನ್ನು ನಡುವೆ ಒಂದು ಗುಂಡಿಟ್ಟು ಜೋಡಿಸಿ, ಉದ್ದ ನೀಲಿಯ ಪಕ್ಕ ಹಿಡಿದು ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ. ಹಿಂದಿನ ಎರಡು ಕೂಡಿದರೆ ಮುಂದಿನದು. ಛಂದಸ್ಸಿನಲ್ಲೂ ಇದೇ ಲೆಕ್ಕ. ಲಘು ಒಂದು ಮಾತ್ರೆ, ಗುರು ಎರಡು. ಮೂರು ಮಾತ್ರೆಯನ್ನು ಮೂರು ಥರ ತುಂಬಬಹುದು, ನಾಲ್ಕನ್ನು ಐದು ಥರ, ಐದನ್ನು ಎಂಟು ಥರ. 12ನೇ ಶತಮಾನದ ಜೈನ ವಿದ್ವಾಂಸ ಹೇಮಚಂದ್ರ ಇದನ್ನು ಬರೆದಿಟ್ಟಿದ್ದಾನೆ. ಆರು ಮಾತ್ರೆಗೆ ಎಷ್ಟು ಅಂತ ಪುಟ್ಟಿಯನ್ನೇ ಕೇಳಿ, ನೀವು ಹೇಳಿಕೊಡಬೇಡಿ.

ಪುಟ್ಟಿಯಪ್ಪ:
13 ಅಂದಳು ಮೇಷ್ಟ್ರೇ. ನಾನಿನ್ನೂ ಬೆರಳು ಮಡಚುತ್ತಿದ್ದೆ.